ನ್ಯೂಜೆರ್ಸಿ ಗವರ್ನರ್ ಚುನಾವಣೆ 2025: ಮೈಕಿ ಶೆರಿಲ್ ಅವರೋ, ಜಾಕ್ ಚಿಟರೆಲ್ಲಿ ಅವರೋ?

2025ರ ನವೆಂಬರ್ 1 ಶನಿವಾರ ಬಂದಿದೆ. ನಮಗೆ ರಾಜ್ಯೋತ್ಸವ. ನ್ಯೂಜೆರ್ಸಿಯಲ್ಲಿ ಸ್ವಂತ ಮನೆ ಇರುವವರಿಗೆ ಅದು ಮನೆ ಕಂದಾಯದ ನಾಲ್ಕನೇ ಕಂತಿನ ದಿನವೂ ಹೌದು. ಅದೇ ದಿನ ಗವರ್ನರ್ ಚುನಾವಣೆಗೆ ಮುಂಚಿತವಾಗಿ ಓಟು ಹಾಕುವ ಕೇಂದ್ರಗಳೂ ತೆರೆದಿರುತ್ತವೆ. ಬೆಳಿಗ್ಗೆ ಕಂದಾಯ ಕಟ್ಟಿ, ಮಧ್ಯಾಹ್ನ ಓಟು ಹಾಕಿ, ಸಂಜೆ ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಹೋಗಬಹುದು. ನಮ್ಮ ಮನೆಯಲ್ಲಿ ಹಾಗೇ ಮಾಡೋಣ ಅಂತ ಮಾತಾಡಿಕೊಂಡಿದ್ದೇವೆ.

ಯಾರಿಗೆ ಹಾಕೋದು ಅನ್ನುವುದೇ ಪ್ರಶ್ನೆ. ದೀಪಾವಳಿ ಊಟಕ್ಕೆ ನಾಲ್ಕು ಮನೆಯವರು ಸೇರಿದ್ದೆವು. ಹೋಳಿಗೆ ಬಡಿಸುವ ಹೊತ್ತಿಗೆ ಮಾತು ಚುನಾವಣೆಗೆ ಬಂತು. ಒಬ್ಬರು ಎಚ್-1ಬಿ ವೀಸಾಗೆ ಸೆಪ್ಟೆಂಬರ್‌ನಲ್ಲಿ ಘೋಷಿಸಿದ 1 ಲಕ್ಷ ಡಾಲರ್ ಶುಲ್ಕದ ಬಗ್ಗೆ ಸಿಟ್ಟಾದರು. ಇನ್ನೊಬ್ಬರು ಭಾರತದ ಮೇಲೆ ಆಗ ಹಾಕಿದ್ದ ಶೇ. 50 ಸುಂಕ, ಓಕ್ ಟ್ರೀ ರಸ್ತೆಯ ಅಂಗಡಿಗಳಲ್ಲಿ ಬೇಳೆ-ಅಕ್ಕಿಯ ಬೆಲೆ ಅಂದರು. ಮೂರನೆಯವರು ಟ್ರಂಪ್ ಪರ, ನಾಲ್ಕನೆಯವರು ವಿರುದ್ಧ. ಅರ್ಧ ಗಂಟೆ ಕಳೆಯಿತು. ಅಷ್ಟರಲ್ಲಿ ಗವರ್ನರ್ ಕೈಲಿರುವ ಒಂದೇ ಒಂದು ವಿಷಯವೂ ನಮ್ಮ ಬಾಯಲ್ಲಿ ಬಂದಿರಲಿಲ್ಲ.

ವೀಸಾ ಶುಲ್ಕ, ಸುಂಕ ಎರಡೂ ವಾಷಿಂಗ್ಟನ್ನಿನ ವಿಷಯ. ನ್ಯೂಜೆರ್ಸಿಯ ಗವರ್ನರ್ ಯಾರೇ ಆದರೂ ಅವನ್ನು ಒಂದು ಡಾಲರ್ ಇಳಿಸಲಾರರು. ಆದರೆ ನಮ್ಮ ಕರೆಂಟ್ ಬಿಲ್ಲು, ಕಂದಾಯ, ಮಕ್ಕಳ ಶಾಲೆಗೆ ಬರುವ ಹಣ, ನ್ಯೂಯಾರ್ಕಿಗೆ ಹೋಗುವ ರೈಲು, ಇವುಗಳಲ್ಲಿ ಗವರ್ನರ್ ಮಾತು ನಡೆಯುತ್ತದೆ. ಅದಕ್ಕೇ ಈ ಹೋಲಿಕೆಯನ್ನು ಒಂದೇ ಅಳತೆಗೋಲು ಇಟ್ಟುಕೊಂಡು ಮಾಡುತ್ತಿದ್ದೇನೆ. ಅವರು ಕೊಡುವ ಭರವಸೆ ಅವರ ಕೈಲಿ ಆಗುವಂಥದ್ದಾ?

ಇದು ನಮ್ಮ ಕಡೆಯ ರಾಜ್ಯಪಾಲರ ಹುದ್ದೆ ಅಲ್ಲ

ಊರಿನಿಂದ ಬಂದ ಅಪ್ಪ-ಅಮ್ಮಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗುತ್ತದೆ. ಕರ್ನಾಟಕದಲ್ಲಿ ರಾಜ್ಯಪಾಲರನ್ನು ರಾಷ್ಟ್ರಪತಿ ನೇಮಿಸುತ್ತಾರೆ. ಜನ ಓಟು ಹಾಕುವುದಿಲ್ಲ. ಇಲ್ಲಿನ ಗವರ್ನರ್ ಅಂದರೆ ನಮ್ಮ ಲೆಕ್ಕದಲ್ಲಿ ಮುಖ್ಯಮಂತ್ರಿ. ಅದಕ್ಕಿಂತಲೂ ಗಟ್ಟಿ ಅನ್ನಬಹುದು. ನಾಲ್ಕು ವರ್ಷ ಕುರ್ಚಿ ಭದ್ರ, ಅವಿಶ್ವಾಸ ಗೊತ್ತುವಳಿಯ ಭಯ ಇಲ್ಲ. ಸತತವಾಗಿ ಎರಡು ಅವಧಿ ಇರಬಹುದು. 2025ರಲ್ಲಿ ಗವರ್ನರ್ ಆಗಿದ್ದ ಫಿಲ್ ಮರ್ಫಿ ಎರಡೂ ಮುಗಿಸಿದ್ದರು, ಹಾಗಾಗಿ ಕಣದಲ್ಲಿರಲಿಲ್ಲ.

ಅಮೆರಿಕದ ಗವರ್ನರ್‌ಗಳ ಪೈಕಿಯೂ ನ್ಯೂಜೆರ್ಸಿಯವರ ಕೈ ಬಲವಾದದ್ದು. ಬೇರೆ ಬಹಳಷ್ಟು ರಾಜ್ಯಗಳಲ್ಲಿ ಸರ್ಕಾರದ ಮುಖ್ಯ ವಕೀಲರಾದ ಅಟಾರ್ನಿ ಜನರಲ್‌ರನ್ನು ಜನ ಆರಿಸುತ್ತಾರೆ. ಇಲ್ಲಿ ಗವರ್ನರ್ ನೇಮಿಸುತ್ತಾರೆ. ರಾಜ್ಯದ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳನ್ನು ಹೆಸರಿಸುವುದೂ ಗವರ್ನರೇ, ಸೆನೆಟ್ ಒಪ್ಪಬೇಕು. ಬಜೆಟ್‌ನಲ್ಲಿ ಬೇಡವೆನಿಸಿದ ಒಂದೊಂದು ಬಾಬ್ತನ್ನು ಗೆರೆ ಎಳೆದು ತೆಗೆಯುವ ಅಧಿಕಾರವೂ ಇದೆ. 2025-26ರ ಬಜೆಟ್ 5,880 ಕೋಟಿ ಡಾಲರ್. ಅಷ್ಟು ಹಣದ ಮೇಲೆ ಒಬ್ಬರ ಪೆನ್ನು ಓಡಾಡುತ್ತದೆ.

ಇಬ್ಬರೂ ಎಲ್ಲಿಂದ ಬಂದವರು

ಡೆಮಾಕ್ರಟಿಕ್ ಪಕ್ಷದ ಮೈಕಿ ಶೆರಿಲ್ 1994ರಲ್ಲಿ ನೌಕಾ ಅಕಾಡೆಮಿಯಲ್ಲಿ ಪದವಿ ಪಡೆದವರು. ನೌಕಾಪಡೆಯಲ್ಲಿ ಸುಮಾರು ಹತ್ತು ವರ್ಷ ಹೆಲಿಕಾಪ್ಟರ್ ಪೈಲಟ್ ಆಗಿ ಕೆಲಸ ಮಾಡಿದರು. ಆಮೇಲೆ ಕಾನೂನು ಓದಿ ನ್ಯೂಜೆರ್ಸಿಯ ಫೆಡರಲ್ ಪ್ರಾಸಿಕ್ಯೂಟರ್ ಕಚೇರಿಯಲ್ಲಿದ್ದರು. 2018ರಲ್ಲಿ, ಬಹುಕಾಲ ರಿಪಬ್ಲಿಕನ್ನರ ಕೈಲಿದ್ದ 11ನೇ ಕ್ಷೇತ್ರವನ್ನು ಗೆದ್ದು ಕಾಂಗ್ರೆಸ್ ಸೇರಿದರು. ನಮ್ಮವರು ಬಹಳ ಮಂದಿ ಇರುವ ಪಾರ್ಸಿಪನಿ ಅದೇ ಕ್ಷೇತ್ರದಲ್ಲಿದೆ. ನಾಲ್ಕು ಮಕ್ಕಳ ತಾಯಿ, ಮಾಂಟ್‌ಕ್ಲೇರ್ ನಿವಾಸಿ. ಪಕ್ಷದ ಅಭ್ಯರ್ಥಿಯನ್ನು ಆರಿಸುವ ಜೂನ್ 10ರ ಪ್ರೈಮರಿಯಲ್ಲಿ ಆರು ಜನರ ನಡುವೆ ಗೆದ್ದರು. ನ್ಯೂವರ್ಕ್ ಮೇಯರ್ ರಾಸ್ ಬರಾಕಾ ಎರಡನೆಯವರಾದರು.

ರಿಪಬ್ಲಿಕನ್ ಪಕ್ಷದ ಜಾಕ್ ಚಿಟರೆಲ್ಲಿ ಸಾಮರ್‌ಸೆಟ್ ಕೌಂಟಿಯವರು. ಬ್ರಿಡ್ಜ್‌ವಾಟರ್ ವೆಂಕಟೇಶ್ವರ ದೇವಸ್ಥಾನಕ್ಕೆ ಹೋಗುತ್ತೀರಲ್ಲ, ಅದೇ ಕೌಂಟಿ. ಇಟಲಿಯಿಂದ ವಲಸೆ ಬಂದ ಕುಟುಂಬ. ಲೆಕ್ಕಪರಿಶೋಧಕರಾಗಿ ಶುರು ಮಾಡಿ, ವೈದ್ಯಕೀಯ ಪ್ರಕಾಶನದ ಕಂಪನಿ ಕಟ್ಟಿ, ಆಮೇಲೆ ಮಾರಿದರು. ರಾರಿಟನ್ ಎಂಬ ಪುಟ್ಟ ಊರಿನ ಪುರಸಭೆಯಿಂದ ಕೌಂಟಿಗೆ, ಅಲ್ಲಿಂದ ರಾಜ್ಯದ ಅಸೆಂಬ್ಲಿಗೆ ಹಂತ ಹಂತವಾಗಿ ಬಂದವರು. ಗವರ್ನರ್ ಆಗಲು ಇದು ಮೂರನೇ ಪ್ರಯತ್ನ. 2017ರಲ್ಲಿ ಪ್ರೈಮರಿಯಲ್ಲೇ ಸೋತರು. 2021ರಲ್ಲಿ ಮರ್ಫಿ ಎದುರು ಮೂರು ಪಾಯಿಂಟ್ ಚಿಲ್ಲರೆಯಲ್ಲಿ ಸೋತರು. ಅಷ್ಟು ಹತ್ತಿರ ಬರುತ್ತಾರೆಂದು ಆಗ ಹೆಚ್ಚು ಜನ ಎಣಿಸಿರಲಿಲ್ಲ. ಈ ಸಲ ಟ್ರಂಪ್ ಬೆಂಬಲದೊಂದಿಗೆ ಪ್ರೈಮರಿಯನ್ನು ಸುಲಭವಾಗಿ ಗೆದ್ದರು.

ಒಬ್ಬರಿಗೆ ವಾಷಿಂಗ್ಟನ್ ಅನುಭವ, ಇನ್ನೊಬ್ಬರಿಗೆ ರಾಜ್ಯದ ರಾಜಧಾನಿ ಟ್ರೆಂಟನ್ ಅನುಭವ. ರಾಜ್ಯದ ಬಜೆಟ್, ಶಾಲಾ ಅನುದಾನದ ಸೂತ್ರ, ಪುರಸಭೆಗಳ ಕಷ್ಟ, ಇವನ್ನು ಚಿಟರೆಲ್ಲಿ ಒಳಗಿನಿಂದ ಕಂಡಿದ್ದಾರೆ. ಚರ್ಚೆಗಳಲ್ಲೂ ಅದು ಕಂಡಿತು. ಶೆರಿಲ್ ಅವರಿಗೆ ಫೆಡರಲ್ ಸರ್ಕಾರದ ಜೊತೆ ಕಾದಾಡುವ ದಾರಿಗಳು ಗೊತ್ತು. ಸದ್ಯದ ಪರಿಸ್ಥಿತಿಯಲ್ಲಿ ಅದೂ ಸಣ್ಣ ಅನುಭವ ಅಲ್ಲ.

ಟಿವಿ ಜಾಹೀರಾತಿನಲ್ಲಿ ಬರುತ್ತಿರುವ ಎರಡು ಆರೋಪಗಳ ಬಗ್ಗೆ ಒಂದು ಮಾತು. ಶೆರಿಲ್ 1994ರಲ್ಲಿ ತಮ್ಮ ತಂಡದ ಜೊತೆ ಪದವಿ ಮೆರವಣಿಗೆಯಲ್ಲಿ ನಡೆಯಲಿಲ್ಲ. ಆಗ ಅಕಾಡೆಮಿಯಲ್ಲಿ ನಡೆದ ಪರೀಕ್ಷಾ ಅಕ್ರಮದಲ್ಲಿ ಸಹಪಾಠಿಗಳ ಹೆಸರು ಹೇಳದಿದ್ದುದೇ ಕಾರಣ ಅಂತ ಅವರು ಹೇಳಿದ್ದಾರೆ. ಶಿಸ್ತುಕ್ರಮದ ದಾಖಲೆಯನ್ನೂ ಬಹಿರಂಗ ಮಾಡಿ ಅಂತ ಚಿಟರೆಲ್ಲಿ ಕೇಳುತ್ತಿದ್ದಾರೆ. ಆ ನಡುವೆ ಶೆರಿಲ್ ಅವರ ಸೇನಾ ಕಡತವನ್ನು ಖಾಸಗಿ ವಿವರ ಮುಚ್ಚದೆ ಸರ್ಕಾರಿ ದಾಖಲೆ ಇಲಾಖೆ ಎದುರಾಳಿ ಕಡೆಯವರಿಗೆ ಕೊಟ್ಟುಬಿಟ್ಟಿತು. ಅದು ದೊಡ್ಡ ತಪ್ಪು. ಇನ್ನು ಅಕ್ಟೋಬರ್ 8ರ ಚರ್ಚೆಯಲ್ಲಿ ಶೆರಿಲ್, ಚಿಟರೆಲ್ಲಿ ಕಂಪನಿ ಓಪಿಯಾಯ್ಡ್ ಎಂಬ ಚಟ ಹಿಡಿಸುವ ನೋವಿನ ಮಾತ್ರೆಗಳ ಪರ ಸಾಮಗ್ರಿ ಮುದ್ರಿಸಿ ಹತ್ತಾರು ಸಾವಿರ ಜನರ ಸಾವಿಗೆ ಕಾರಣವಾಯಿತು ಅಂದರು. ಚಿಟರೆಲ್ಲಿ ಮಾನನಷ್ಟ ಮೊಕದ್ದಮೆ ಹಾಕುತ್ತೇನೆ ಅಂದಿದ್ದಾರೆ. ಆ ಮಾತು ಅಳತೆ ಮೀರಿದ್ದು ಅಂತ ನನಗೂ ಅನಿಸಿತು. ಈ ಎರಡರಿಂದಲೂ ನಮ್ಮ ಮನೆಯ ಲೆಕ್ಕ ಬದಲಾಗುವುದಿಲ್ಲ, ಮುಂದೆ ಹೋಗೋಣ.

ಕರೆಂಟ್ ಬಿಲ್ಲು

ಈ ಚುನಾವಣೆಯ ನಿಜವಾದ ವಿಷಯ ಇದೇ. 2025ರ ಜೂನ್ 1ರಿಂದ ರಾಜ್ಯದ ಮನೆಗಳ ಕರೆಂಟ್ ದರ ಶೇ. 17ರಿಂದ 20ರಷ್ಟು ಏರಿತು. ಜುಲೈ ಬಿಲ್ಲನ್ನು ಅಡುಗೆಮನೆ ಕಟ್ಟೆಯ ಮೇಲೆ ಹರಡಿಕೊಂಡು ನಾನು ಮೊದಲ ಸಲ ಪೂರ್ತಿ ಓದಿದೆ. ನೀವೂ ಓದಿ. ಮೇಲಿನ ಮೊತ್ತ ಬಿಟ್ಟು ಕೆಳಗೆ ಬನ್ನಿ. ಎರಡು ಭಾಗ ಇರುತ್ತದೆ. ಒಂದು ಕರೆಂಟಿನ ಬೆಲೆ. ಇನ್ನೊಂದು ಅದನ್ನು ತಂತಿಯಲ್ಲಿ ಮನೆಗೆ ತಲುಪಿಸುವ ಬೆಲೆ. ಏರಿಕೆಯ ದೊಡ್ಡ ಪಾಲು ಇರುವುದು ಮೊದಲನೆಯದರಲ್ಲಿ.

ಅದು ಯಾಕೆ ಏರಿತು? 1999ರ ಕಾನೂನಿನ ನಂತರ ಇಲ್ಲಿ ನಮಗೆ ಬಿಲ್ ಕಳಿಸುವ ಕಂಪನಿ ತಂತಿ ನೋಡಿಕೊಳ್ಳುತ್ತದೆ. ಕರೆಂಟನ್ನು ಹರಾಜಿನಲ್ಲಿ ಕೊಂಡು ತರುತ್ತದೆ. ಆ ಕರೆಂಟ್ ಬರುವ ಸಗಟು ಮಾರುಕಟ್ಟೆಯನ್ನು ನಡೆಸುವುದು ಪಿಜೆಎಂ ಎಂಬ ಸಂಸ್ಥೆ. 13 ರಾಜ್ಯ ಮತ್ತು ರಾಜಧಾನಿ ವಾಷಿಂಗ್ಟನ್ ಅದರ ವ್ಯಾಪ್ತಿಯಲ್ಲಿವೆ. ಡೇಟಾ ಸೆಂಟರ್‌ಗಳಿಂದ ಬೇಡಿಕೆ ಜೋರಾಗಿ ಏರಿದೆ. ಹಳೆಯ ಸ್ಥಾವರಗಳು ಮುಚ್ಚಿವೆ, ಹೊಸವು ಸಾಲಿನಲ್ಲಿ ಕಾಯುತ್ತಿವೆ. ನಮ್ಮ ರಾಜ್ಯದ್ದೇ ಓಯ್ಸ್ಟರ್ ಕ್ರೀಕ್ ಅಣುಸ್ಥಾವರ 2018ರಲ್ಲಿ ಬಾಗಿಲು ಹಾಕಿತು. ಸಮುದ್ರದ ಗಾಳಿ ವಿದ್ಯುತ್ತಿನ ಎರಡು ದೊಡ್ಡ ಯೋಜನೆಗಳನ್ನು ಡೆನ್ಮಾರ್ಕಿನ ಕಂಪನಿ 2023ರ ಅಕ್ಟೋಬರ್‌ನಲ್ಲಿ ಕೈಬಿಟ್ಟಿತು. ಬೇಡಿಕೆ ಜಾಸ್ತಿ, ಪೂರೈಕೆ ಕಮ್ಮಿ, ಬೆಲೆ ಮೇಲೆ.

ಶೆರಿಲ್ ಹೇಳುವುದು: ಅಧಿಕಾರಕ್ಕೆ ಬಂದ ಮೊದಲ ದಿನವೇ ತುರ್ತುಸ್ಥಿತಿ ಘೋಷಿಸಿ ದರ ಏರಿಕೆ ನಿಲ್ಲಿಸುತ್ತೇನೆ. ಜೊತೆಗೆ ಸೋಲಾರ್, ಬ್ಯಾಟರಿ ಸಂಗ್ರಹ, ಅಣುವಿದ್ಯುತ್ತು ಬೇಗ ಬೆಳೆಸುತ್ತೇನೆ.

ಚಿಟರೆಲ್ಲಿ ಹೇಳುವುದು: ಆರ್‌ಜಿಜಿಐ ಎಂಬ, ಸ್ಥಾವರಗಳು ಉಗುಳುವ ಇಂಗಾಲಕ್ಕೆ ಹಣ ಕಟ್ಟಿಸುವ ಹಲವು ರಾಜ್ಯಗಳ ಒಪ್ಪಂದದಿಂದ ರಾಜ್ಯವನ್ನು ಹೊರಗೆ ತರುತ್ತೇನೆ. ಸಮುದ್ರದಲ್ಲಿ ಗಾಳಿಯಂತ್ರಗಳಿಗೆ ಅವಕಾಶ ಇಲ್ಲ. ನೈಸರ್ಗಿಕ ಅನಿಲ, ಅಣುವಿದ್ಯುತ್ತು ಹೆಚ್ಚಿಸುತ್ತೇನೆ.

ಈಗ ನಮ್ಮ ಅಳತೆಗೋಲು ಇಡೋಣ. ರಾಜ್ಯದ ಯುಟಿಲಿಟಿ ಮಂಡಳಿಯ ಐದು ಸದಸ್ಯರನ್ನು ಗವರ್ನರ್ ನೇಮಿಸುತ್ತಾರೆ. ತಂತಿಯ ಬೆಲೆಯ ಮೇಲೆ ಆ ಮಂಡಳಿಗೆ ಹಿಡಿತ ಇದೆ. ಹರಾಜಿನ ಬೆಲೆಯ ಮೇಲೆ ಇಲ್ಲ. ಹಾಗಾಗಿ ಶೆರಿಲ್ ದರ ತಡೆದರೆ, ಹರಾಜಿನ ಬೆಲೆಗೂ ನಾವು ಕಟ್ಟುವ ಬೆಲೆಗೂ ನಡುವಿನ ವ್ಯತ್ಯಾಸವನ್ನು ಯಾರಾದರೂ ಕೊಡಲೇಬೇಕು. ರಾಜ್ಯದ ಖಜಾನೆ ಕೊಡಬೇಕು, ಇಲ್ಲವೇ ಮುಂದಿನ ಬಿಲ್ಲಿಗೆ ಹೋಗಬೇಕು. 2025ರ ಸೆಪ್ಟೆಂಬರ್, ಅಕ್ಟೋಬರ್ ಬಿಲ್ಲುಗಳಲ್ಲಿ 50 ಡಾಲರ್ ಕಡಿತ ಕಂಡಿರಬೇಕಲ್ಲ, ಅದು ಸರ್ಕಾರದ ದುಡ್ಡು. ಆ ಥರದ ಉಪಶಮನವನ್ನು ಅವರು ದೊಡ್ಡದಾಗಿ ಮಾಡಬಹುದು. ಕಂಪನಿಗಳು ಕೋರ್ಟಿಗೂ ಹೋಗಬಹುದು. ಒಂದು ವರ್ಷದ ಉಸಿರು ಸಿಗಬಹುದು, ಕಾಯಿಲೆ ವಾಸಿಯಾಗಲ್ಲ.

ಚಿಟರೆಲ್ಲಿ ಹೇಳುವ ಕೆಲಸ ಗವರ್ನರ್ ಕೈಲಿ ಆಗುವಂಥದ್ದು, ಅದರಲ್ಲಿ ಅನುಮಾನ ಇಲ್ಲ. 2011ರಲ್ಲಿ ಗವರ್ನರ್ ಕ್ರಿಸ್ ಕ್ರಿಸ್ಟಿ ಅದೇ ಒಪ್ಪಂದದಿಂದ ಹೊರಬಂದಿದ್ದರು. 2020ರಲ್ಲಿ ಮರ್ಫಿ ಮತ್ತೆ ಸೇರಿಸಿದರು. ಆದರೆ ಬಿಲ್ಲಿನಲ್ಲಿ ಆ ಒಪ್ಪಂದದ ಪಾಲು ಸಣ್ಣದು. ಜೂನ್‌ನ ಜಿಗಿತಕ್ಕೆ ಮುಖ್ಯ ಕಾರಣ ಅದಲ್ಲ, ಪಿಜೆಎಂ ಹರಾಜು. ಹೊಸ ಅನಿಲ ಸ್ಥಾವರ ಕಟ್ಟಿ ಕರೆಂಟ್ ಬರಲು ವರ್ಷಗಳೇ ಬೇಕು.

ನನ್ನ ಅನಿಸಿಕೆ: ಮುಂದಿನ ಬೇಸಿಗೆಯ ಬಿಲ್ಲೇ ನಿಮ್ಮ ಚಿಂತೆಯಾಗಿದ್ದರೆ ಶೆರಿಲ್ ಯೋಜನೆ ಹತ್ತಿರದ್ದು. ವಾತಾವರಣದ ಖರ್ಚನ್ನು ಬಿಲ್ಲಿನಲ್ಲಿ ಹಾಕುವುದೇ ತಪ್ಪು ಅನ್ನುವವರಾದರೆ ಚಿಟರೆಲ್ಲಿ ಯೋಜನೆ ನೇರವಾಗಿದೆ. ಆದರೆ ಬಿಲ್ಲು ಅರ್ಧಕ್ಕೆ ಇಳಿಯುತ್ತದೆ ಅಂತ ಯಾರ ಹೆಸರಲ್ಲಿ ಯಾರು ಹೇಳಿದರೂ ನಂಬಬೇಡಿ. ಅಣುವಿದ್ಯುತ್ತಿನ ವಿಷಯದಲ್ಲಿ ಇಬ್ಬರೂ ಒಂದೇ ದಾರಿಯಲ್ಲಿದ್ದಾರೆ ಅನ್ನುವುದು ನನಗೆ ಸಮಾಧಾನ ಕೊಟ್ಟ ಸಂಗತಿ.

ಮನೆ ಕಂದಾಯ

ಇಲ್ಲಿ ಸರಾಸರಿ ಮನೆ ಕಂದಾಯ 2024ರಲ್ಲಿ ವರ್ಷಕ್ಕೆ 10,000 ಡಾಲರ್ ದಾಟಿತು. ದೇಶದಲ್ಲೇ ಅತಿ ಹೆಚ್ಚು. ಅದರಲ್ಲಿ ಅರ್ಧದಷ್ಟು ಶಾಲೆಗೆ ಹೋಗುತ್ತದೆ. ಉಳಿದದ್ದು ಊರಿಗೆ, ಕೌಂಟಿಗೆ. ಗವರ್ನರ್ ಈ ಕಂದಾಯ ಹಾಕುವುದಿಲ್ಲ. ಆದರೆ ರಾಜ್ಯ ನಿಮ್ಮ ಶಾಲೆಗೆ ಎಷ್ಟು ಹಣ ಕೊಡುತ್ತದೆ ಅನ್ನುವುದರ ಮೇಲೆ ನಿಮ್ಮ ಊರು ಎಷ್ಟು ಕಂದಾಯ ಎತ್ತಬೇಕು ಅನ್ನುವುದು ನಿಂತಿದೆ.

ಚಿಟರೆಲ್ಲಿ ಇದರ ಬುಡಕ್ಕೇ ಕೈ ಹಾಕುತ್ತೇನೆ ಅನ್ನುತ್ತಾರೆ. 2008ರ ಶಾಲಾ ಅನುದಾನ ಸೂತ್ರವನ್ನು ಬದಲಿಸಿ, ಕೆಲವೇ ನಗರಗಳಿಗೆ ಹೋಗುವ ದೊಡ್ಡ ಪಾಲನ್ನು ಉಳಿದ ಊರುಗಳಿಗೂ ಹಂಚುವುದು ಅವರ ಮಾತು. ಮನೆಯ ಬೆಲೆಯ ಇಂತಿಷ್ಟು ಶೇಕಡಾ ಮೀರದಂತೆ ಕಂದಾಯಕ್ಕೆ ಮಿತಿ ಹಾಕುವುದು ಇನ್ನೊಂದು. ಬೇರೆ ಊರಿನವರ ಶಾಲೆಗೆ ನಮ್ಮ ದುಡ್ಡು ಹೋಗುತ್ತಿದೆ ಅನ್ನುವ ಅಸಮಾಧಾನ ಎಡಿಸನ್, ಸೌತ್ ಬ್ರನ್ಸ್‌ವಿಕ್ ಕಡೆಯ ಮನೆಗಳಲ್ಲಿ ಚೆನ್ನಾಗಿ ಗೊತ್ತು. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಅವರಿಗಿದೆ.

ಆದರೆ ಎದುರಿಗೆ ಎರಡು ಗೋಡೆ ಇವೆ. ಒಂದು, ಅಬಟ್ ವರ್ಸಸ್ ಬರ್ಕ್ ಮೊಕದ್ದಮೆ. ಬಡ ಜಿಲ್ಲೆಗಳ ಮಕ್ಕಳಿಗೂ ಸರಿಯಾದ ಶಿಕ್ಷಣ ಕೊಡಲೇಬೇಕು ಅಂತ ರಾಜ್ಯದ ಸುಪ್ರೀಂ ಕೋರ್ಟ್ 1985ರಿಂದ ಮತ್ತೆ ಮತ್ತೆ ಹೇಳಿದೆ. ನ್ಯೂವರ್ಕ್, ಕ್ಯಾಮ್ಡನ್, ಪ್ಯಾಟರ್ಸನ್ ಮಕ್ಕಳ ಪಾಲು ಕಿತ್ತು ನಮಗೆ ಕೊಡಿ ಅಂತ ನಾನಂತೂ ಕೇಳಲಾರೆ. ಎರಡು, ಶಾಸಕಾಂಗ. ಸೂತ್ರ ಬದಲಿಸಲು ಕಾನೂನು ಬೇಕು. ಈ ಚುನಾವಣೆಗೆ ಮುಂಚೆ ಅಸೆಂಬ್ಲಿಯಲ್ಲಿ 80ರಲ್ಲಿ 52, ಸೆನೆಟ್‌ನಲ್ಲಿ 40ರಲ್ಲಿ 25 ಸ್ಥಾನ ಡೆಮಾಕ್ರಟರದ್ದು.

ಶೆರಿಲ್ ಇಲ್ಲಿ ಜಾಗರೂಕರು. ಚಿಕ್ಕ ಚಿಕ್ಕ ಶಾಲಾ ಜಿಲ್ಲೆಗಳನ್ನು ಸೇರಿಸುವುದು, ಊರುಗಳು ಸೇವೆಗಳನ್ನು ಹಂಚಿಕೊಳ್ಳುವುದು, ಮನೆಗಳನ್ನು ಹೆಚ್ಚು ಕಟ್ಟುವುದು, ಮೊದಲ ಸಲ ಮನೆ ಕೊಳ್ಳುವವರಿಗೆ ನೆರವು, ಇವು ಅವರ ಮಾತು. ಜಿಲ್ಲೆ ಸೇರಿಸುವುದರಲ್ಲಿ ಅರ್ಥ ಇದೆ. 564 ಪುರಸಭೆ, ಸುಮಾರು 600 ಶಾಲಾ ಜಿಲ್ಲೆ ಇರುವ ರಾಜ್ಯ ಇದು. ಒಂದೊಂದಕ್ಕೂ ಒಬ್ಬೊಬ್ಬ ಸೂಪರಿಂಟೆಂಡೆಂಟ್, ಒಂದೊಂದು ಕಚೇರಿ. ಆದರೆ ಮನೆ ಕೊಳ್ಳುವಾಗ ಶಾಲೆಯ ರೇಟಿಂಗ್ ನೋಡಿಯೇ ಸಹಿ ಹಾಕಿದ ನಮ್ಮವರು, ಪಕ್ಕದ ಊರಿನ ಜೊತೆ ಸೇರಿಸುತ್ತೇವೆ ಅಂದರೆ ಸುಮ್ನೆ ಇರುತ್ತಾರಾ? ಇದು ನಿಧಾನದ ಕೆಲಸ. ಮುಂದಿನ ಕಂತಿನಲ್ಲಿ ಕಾಣುವಂಥದ್ದಲ್ಲ.

ಕಂದಾಯದ ವಿಷಯದಲ್ಲಿ ನಾನು ಚಿಟರೆಲ್ಲಿ ಅವರಿಗೆ ಒಂದು ಅಂಕ ಜಾಸ್ತಿ ಕೊಡುತ್ತೇನೆ. ಯೋಜನೆ ಪೂರ್ತಿ ನಡೆಯುತ್ತದೆ ಅಂತಲ್ಲ. ಸಮಸ್ಯೆ ಎಲ್ಲಿದೆಯೋ ಅಲ್ಲಿಗೆ ಬೆರಳಿಟ್ಟಿದ್ದಾರೆ. 65 ದಾಟಿದ ಹಿರಿಯರಿಗೆ ಇನ್ನೊಂದು ವಿಷಯ: ಕಂದಾಯದ ಅರ್ಧದವರೆಗೆ, ಹೆಚ್ಚೆಂದರೆ 6,500 ಡಾಲರ್ ಹಿಂದಿರುಗಿಸುವ ಸ್ಟೇ ಎನ್‌ಜೆ ಯೋಜನೆ 2026ರಲ್ಲಿ ಶುರುವಾಗಬೇಕು. ಅದಕ್ಕೆ ಪ್ರತಿ ಬಜೆಟ್‌ನಲ್ಲೂ ದುಡ್ಡು ಇಡಬೇಕು. ಪ್ರಚಾರಕ್ಕೆ ಬಾಗಿಲು ತಟ್ಟಿದವರನ್ನು ಇದರ ಬಗ್ಗೆಯೇ ಕೇಳಿ.

ರೈಲು ಮತ್ತು ಸುರಂಗ

ಒಬ್ಬ ಗವರ್ನರ್ ಏನು ಮಾಡಬಹುದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ಹಡ್ಸನ್ ನದಿಯ ಕೆಳಗೆ ನಮ್ಮ ರೈಲು ಹೋಗುವ ಎರಡು ಸುರಂಗಗಳು 1910ರವು. ಹ್ಯಾಕೆನ್‌ಸ್ಯಾಕ್ ನದಿ ಮೇಲಿನ ಪೋರ್ಟಲ್ ಸೇತುವೆಯೂ ಅದೇ ವರ್ಷದ್ದು. ದೋಣಿ ಬಂದರೆ ಆ ಸೇತುವೆ ತಿರುಗಿ ದಾರಿ ಬಿಡಬೇಕು, ಮತ್ತೆ ತಿರುಗಿ ಕೂರಬೇಕು. ಕೆಲವೊಮ್ಮೆ ಹಳಿಗಳು ಸರಿಯಾಗಿ ಕೂರುವುದಿಲ್ಲ. ಆಗ ಕೆಲಸಗಾರರು ದೊಡ್ಡ ಸುತ್ತಿಗೆ ತಂದು ಹಳಿಯನ್ನು ಬಡಿದು ಕೂರಿಸುತ್ತಾರೆ. ಅತ್ತ ನ್ಯೂಯಾರ್ಕಿನ ಪೆನ್ ಸ್ಟೇಷನ್‌ವರೆಗೂ, ಇತ್ತ ಟ್ರೆಂಟನ್‌ವರೆಗೂ ರೈಲು ಸಾಲಾಗಿ ನಿಲ್ಲುತ್ತವೆ. ಪಕ್ಕದಲ್ಲಿ ಹೊಸ ಸೇತುವೆ ಎದ್ದಿದೆ, ಅಷ್ಟು ನೆಮ್ಮದಿ.

ಹೊಸ ಸುರಂಗ ಇಷ್ಟು ಹೊತ್ತಿಗೆ ಆಗಿರಬೇಕಿತ್ತು. ಕೆಲಸ ಶುರುವಾಗಿದ್ದ ಯೋಜನೆಯನ್ನು ಖರ್ಚು ಜಾಸ್ತಿ ಅಂತ ಕ್ರಿಸ್ಟಿ 2010ರಲ್ಲಿ ಒಂದೇ ನಿರ್ಧಾರದಲ್ಲಿ ರದ್ದು ಮಾಡಿದರು. ಎರಡು ವರ್ಷಕ್ಕೆ ಸ್ಯಾಂಡಿ ಚಂಡಮಾರುತ ಬಂತು. ಹಳೆಯ ಸುರಂಗಗಳಿಗೆ ಉಪ್ಪುನೀರು ನುಗ್ಗಿತು. ಆ ಉಪ್ಪು ಇವತ್ತಿಗೂ ಕಾಂಕ್ರೀಟನ್ನೂ ತಂತಿಗಳನ್ನೂ ತಿನ್ನುತ್ತಿದೆ. ಈಗಿನ ಗೇಟ್‌ವೇ ಸುರಂಗ ಯೋಜನೆ 1,600 ಕೋಟಿ ಡಾಲರಿನದು. ಅದರ ಫೆಡರಲ್ ಹಣವನ್ನು ಟ್ರಂಪ್ ಸರ್ಕಾರ 2025ರ ಅಕ್ಟೋಬರ್ 1ರಂದು ತಡೆಹಿಡಿಯಿತು. ಅಕ್ಟೋಬರ್ 15ರಂದು ಟ್ರಂಪ್ ಯೋಜನೆಯೇ ಮುಗಿಯಿತು ಅಂದುಬಿಟ್ಟರು.

ಹಣ ಬಿಡಿಸಿಕೊಳ್ಳಲು ಕೋರ್ಟಿನಲ್ಲೂ ಹೊರಗೂ ಹೋರಾಡುತ್ತೇನೆ ಅನ್ನುತ್ತಾರೆ ಶೆರಿಲ್. ಶ್ವೇತಭವನದ ಜೊತೆ ಒಳ್ಳೆಯ ಸಂಬಂಧ ಇರುವ ಗವರ್ನರ್ ಇದ್ದರೆ ಹಣ ಬರುತ್ತದೆ ಅನ್ನುತ್ತಾರೆ ಚಿಟರೆಲ್ಲಿ. ಎರಡೂ ದಾರಿ ಸಾಧ್ಯ. ಆದರೆ ಚರ್ಚೆಯಲ್ಲಿ ಟ್ರಂಪ್‌ಗೆ ಎ ಗ್ರೇಡ್ ಕೊಟ್ಟವರು, ನಮ್ಮ ಸುರಂಗ ನಿಂತ ದಿನ ಎಷ್ಟು ಗಟ್ಟಿಯಾಗಿ ಕೇಳುತ್ತಾರೆ ಅನ್ನುವುದು ನನ್ನ ಪ್ರಶ್ನೆ. ಈ ವಿಷಯದಲ್ಲಿ ನನಗೆ ಶೆರಿಲ್ ಮೇಲೆ ನಂಬಿಕೆ ಹೆಚ್ಚು. ದಿನಾ ಪೆನ್ ಸ್ಟೇಷನ್‌ಗೆ ಹೋಗುವವರಿಗೆ ಇದೊಂದೇ ಸಾಕು ಓಟು ನಿರ್ಧರಿಸಲು. ಮೇ ತಿಂಗಳಲ್ಲಿ ಎಂಜಿನ್ ಚಾಲಕರ ಮೂರು ದಿನದ ಮುಷ್ಕರದಿಂದ ರೈಲು ನಿಂತಾಗ ಏನಾಯಿತು ಅಂತ ನೆನಪಿದೆಯಲ್ವಾ.

ಉಳಿದವು, ಬೇಗ ಬೇಗ

ವಲಸೆ: ಸ್ಥಳೀಯ ಪೊಲೀಸರು ಫೆಡರಲ್ ವಲಸೆ ಅಧಿಕಾರಿಗಳಿಗೆ ಎಷ್ಟು ನೆರವಾಗಬಹುದು ಎಂದು ಮಿತಿ ಹಾಕುವ 2018ರ ಅಟಾರ್ನಿ ಜನರಲ್ ಆದೇಶ ಒಂದಿದೆ. ಅಟಾರ್ನಿ ಜನರಲ್‌ರನ್ನು ನೇಮಿಸುವುದು ಗವರ್ನರ್, ಹಾಗಾಗಿ ಇದು ಪೂರ್ತಿ ಅವರ ಕೈಲಿದೆ. ಚಿಟರೆಲ್ಲಿ ಮೊದಲ ದಿನವೇ ತೆಗೆಯುತ್ತೇನೆ ಅಂದಿದ್ದಾರೆ. ಶೆರಿಲ್ ಅದನ್ನು ತೆಗೆಯುವ ಮಾತಾಡಿಲ್ಲ. ನಮಗೆ ವೀಸಾ ಇದೆ, ನಮಗೇನು ಅನ್ನಬೇಡಿ. ಹೋಟೆಲು, ಅಂಗಡಿ, ದೇವಸ್ಥಾನದ ಅಡುಗೆಮನೆ, ಎಲ್ಲ ಕಡೆ ನಮ್ಮ ಜೊತೆ ದುಡಿಯುವವರಿಗೆ ಇದು ಜೀವನದ ಪ್ರಶ್ನೆ.

ಗರ್ಭಪಾತದ ಹಕ್ಕು 2022ರಿಂದ ರಾಜ್ಯದ ಕಾನೂನಿನಲ್ಲಿದೆ. ಅದನ್ನು ಸಂವಿಧಾನದಲ್ಲೇ ಸೇರಿಸಬೇಕು ಅನ್ನುವುದು ಶೆರಿಲ್ ನಿಲುವು. ಚಿಟರೆಲ್ಲಿ 20 ವಾರದ ಮಿತಿ, ಅಪ್ರಾಪ್ತ ವಯಸ್ಸಿನವರಾದರೆ ಹೆತ್ತವರಿಗೆ ತಿಳಿಸಬೇಕು ಅನ್ನುತ್ತಾರೆ. ಇಲ್ಲಿ ಗೊಂದಲ ಇಲ್ಲ, ವ್ಯತ್ಯಾಸ ಸ್ಪಷ್ಟ.

ಉಪ ಗವರ್ನರ್ ಜಾಗಕ್ಕೆ ಶೆರಿಲ್ ಜೊತೆ ಸೆಂಟಿನರಿ ವಿಶ್ವವಿದ್ಯಾಲಯದ ಅಧ್ಯಕ್ಷ ಡೇಲ್ ಕಾಲ್ಡ್‌ವೆಲ್, ಚಿಟರೆಲ್ಲಿ ಜೊತೆ ಮಾರಿಸ್ ಕೌಂಟಿ ಶೆರಿಫ್ ಜಿಮ್ ಗ್ಯಾನನ್. ಲಿಬರ್ಟೇರಿಯನ್ ಪಕ್ಷದ ವಿಕ್ ಕಾಪ್ಲಾನ್, ಸೋಷಲಿಸ್ಟ್ ವರ್ಕರ್ಸ್ ಪಕ್ಷದ ಜೋಆನ್ ಕುನಿಯಾನ್ಸ್ಕಿ ಕೂಡ ಮತಪತ್ರದಲ್ಲಿದ್ದಾರೆ.

ಅಸೆಂಬ್ಲಿಯನ್ನು ಮರೆಯಬೇಡಿ

ಅದೇ ಮತಪತ್ರದಲ್ಲಿ ಅಸೆಂಬ್ಲಿಯ 80 ಸ್ಥಾನಗಳಿಗೂ ಚುನಾವಣೆ ಇದೆ. ಬಹಳ ಜನ ಗವರ್ನರ್‌ಗೆ ಗುರುತು ಹಾಕಿ ಎದ್ದುಬಿಡುತ್ತಾರೆ. ಗವರ್ನರ್ ತಡೆದ ಮಸೂದೆಯನ್ನು ಮತ್ತೆ ಜಾರಿ ಮಾಡಲು ಎರಡೂ ಸದನಗಳಲ್ಲಿ ಮೂರನೇ ಎರಡು ಭಾಗ ಬೇಕು. ಅಸೆಂಬ್ಲಿಯಲ್ಲಿ ಅದು 54. ಡೆಮಾಕ್ರಟರಿಗೆ ಈ ಚುನಾವಣೆಗೆ ಮುಂಚೆ ಇದ್ದದ್ದು 52. ಹಾಗಾದರೆ ಚಿಟರೆಲ್ಲಿ ಗೆದ್ದರೆ ಹೊಸ ಕಾನೂನು ತರುವುದು ಅವರಿಗೆ ಕಷ್ಟ, ಬೇಡದ್ದನ್ನು ತಡೆಯುವುದು ಸುಲಭ. ಶೆರಿಲ್ ಗೆದ್ದರೆ ಕಾನೂನು ತರುವುದು ಸುಲಭ, ಆದರೆ ತಮ್ಮ ಪಕ್ಷದವರಿಗೇ ಬೇಡ ಅನ್ನುವ ಗಟ್ಟಿತನ ಬೇಕು. 1961ರ ನಂತರ 2021ರವರೆಗೆ ಇಲ್ಲಿ ಒಂದೇ ಪಕ್ಷ ಸತತ ಮೂರು ಸಲ ಗವರ್ನರ್ ಚುನಾವಣೆ ಗೆದ್ದಿರಲಿಲ್ಲ. ಎಂಟು ವರ್ಷಕ್ಕೊಮ್ಮೆ ಬದಲಾಗಲಿ ಅನ್ನುವ ಅಭ್ಯಾಸ ಇಲ್ಲಿನ ಜನರಿಗಿದೆ. ಅದೂ ಒಂದು ಕಾರಣವಾಗಬಹುದು, ಆದರೆ ಅದೊಂದೇ ಕಾರಣ ಆಗದಿರಲಿ.

ನಮ್ಮ ಮನೆಯಲ್ಲೇ ಎರಡು ಅಭಿಪ್ರಾಯ ಇದೆ. ನಾನು ವಾರಕ್ಕೆ ಮೂರು ದಿನ ರೈಲಿನಲ್ಲಿ ಹೋಗುವವಳು. ನನಗೆ ಸುರಂಗ ಮೊದಲು. ನಮ್ಮ ಯಜಮಾನರಿಗೆ ಮನೆಯಿಂದಲೇ ಕೆಲಸ. ಕಂದಾಯ ಕಟ್ಟುವವರೂ ಅವರೇ. ಹಾಗಾಗಿ ಅವರಿಗೆ ಶಾಲಾ ಸೂತ್ರ ಮೊದಲು. ಇಬ್ಬರೂ ಬಿಲ್ಲು, ಕಂದಾಯದ ಚೀಟಿ, ರೈಲಿನ ಪಾಸು ಮೂರನ್ನೂ ಮೇಜಿನ ಮೇಲಿಟ್ಟು ಮಾತಾಡಿದೆವು. ಜಗಳ ಆಗಲಿಲ್ಲ, ಯಾಕೆಂದರೆ ಮಾತು ಟ್ರಂಪ್ ಕಡೆಗೆ ಹೋಗಲಿಲ್ಲ. ನೀವೂ ಹಾಗೆ ಕೂತು ನೋಡಿ.

ಓಟು ಹಾಕುವ ದಿನ, ವಿಧಾನ

ಮುಂಚಿತ ಮತದಾನ 2025ರ ಅಕ್ಟೋಬರ್ 25ರಿಂದ ನವೆಂಬರ್ 2ರವರೆಗೆ. ಸೋಮವಾರದಿಂದ ಶನಿವಾರ ಬೆಳಿಗ್ಗೆ 10ರಿಂದ ರಾತ್ರಿ 8, ಭಾನುವಾರ ಸಂಜೆ 6ರವರೆಗೆ. ನಿಮ್ಮ ಕೌಂಟಿಯ ಯಾವ ಕೇಂದ್ರಕ್ಕಾದರೂ ಹೋಗಬಹುದು. ಚುನಾವಣೆಯ ದಿನ ನವೆಂಬರ್ 4, ಮಂಗಳವಾರ, ಬೆಳಿಗ್ಗೆ 6ರಿಂದ ರಾತ್ರಿ 8. ಅವತ್ತು ಮಾತ್ರ ನಿಮಗೆ ಗೊತ್ತುಮಾಡಿದ ಜಾಗಕ್ಕೇ ಹೋಗಬೇಕು.

ಗ್ರೀನ್ ಕಾರ್ಡ್‌ನಲ್ಲಿ ಇರುವವರಿಗೆ, ವೀಸಾದಲ್ಲಿ ಇರುವವರಿಗೆ ಓಟು ಇಲ್ಲ. ಲೈಸೆನ್ಸ್ ನವೀಕರಿಸುವ ಕೌಂಟರಿನಲ್ಲಿ ಮತದಾರರ ಪಟ್ಟಿಗೆ ಸೇರಿಸುವ ಪ್ರಶ್ನೆ ಬರುತ್ತದೆ. ನಾಗರಿಕರಲ್ಲದ ಅಪ್ಪ-ಅಮ್ಮ ಅಭ್ಯಾಸದಂತೆ ಹೂಂ ಅಂದುಬಿಟ್ಟರೆ ಮುಂದೆ ಪೌರತ್ವಕ್ಕೇ ಕುತ್ತು ಬರಬಹುದು. ಪಕ್ಕದಲ್ಲಿ ನಿಂತು ಓದಿ ಹೇಳಿ.

ಅಂಚೆಯ ಮತಪತ್ರ ಬಂದಿದ್ದರೆ ಅದರೊಳಗಿನ ಲಕೋಟೆಗೆ ಒಂದು ಪ್ರಮಾಣಪತ್ರದ ಪಟ್ಟಿ ಅಂಟಿಕೊಂಡಿರುತ್ತದೆ. ಅದರ ಮೇಲೆ ಸಹಿ ಹಾಕಬೇಕು. ನೋಡಿದರೆ ಹರಿದು ತೆಗೆಯಬೇಕೇನೋ ಅನಿಸುತ್ತದೆ. ಹರಿಯಬೇಡಿ. ನಮ್ಮ ಅತ್ತೆಯವರು ಕಳೆದ ವರ್ಷ ಹರಿಯಲು ಹೊರಟಿದ್ದಾಗ ಕೈ ಹಿಡಿದು ನಿಲ್ಲಿಸಿದೆ. ಸಹಿ ಮಾಡಿ, ಪಟ್ಟಿ ಸಮೇತ ಲಕೋಟೆಯನ್ನು ಹೊರಗಿನ ಲಕೋಟೆಯಲ್ಲಿ ಹಾಕಿ. ನವೆಂಬರ್ 4ರ ರಾತ್ರಿ 8ರೊಳಗೆ ಅಂಚೆಯ ಮುದ್ರೆ ಬಿದ್ದಿರಬೇಕು. ಮುದ್ರೆಯ ಬಗ್ಗೆ ಅನುಮಾನ ಇದ್ದರೆ ಅಷ್ಟರೊಳಗೆ ಕೌಂಟಿಯ ಮತಪೆಟ್ಟಿಗೆಗೇ ಹಾಕಿಬನ್ನಿ.